ಮಾವನ ಕತ್ತಿಗೆ ಹಿತ್ತಾಳೆ ವಾಷರ್

ಗಡ್ಡ ಬೆಳೆದ ಮುಖ ಹೊತ್ತು ನಮ್ಮ ಮಾವ ಹೊಸ್ತಿಲು ದಾಟುವವರಲ್ಲ. ಧಾರವಾಡದಿಂದ ಕೋಲ್ಕತ್ತಕ್ಕೆ, ನಮ್ಮ ಜೊತೆ ಇರಲು ಬಂದಾಗ ತಮ್ಮ ಅಪ್ಪನ ಕಾಲದ ಕ್ಷೌರದ ಕತ್ತಿಯನ್ನೂ ತಂದಿದ್ದರು. ಬಂದ ವಾರದಲ್ಲೇ ಅದರ ಅಲಗು ಹಿಡಿಯೊಳಗೆ ಲಟಲಟ ಅಲ್ಲಾಡತೊಡಗಿತು. ಮಗನ ಟ್ರಿಮ್ಮರ್ ಮುಟ್ಟಲೊಲ್ಲರು, ಕಟಿಂಗ್ ಅಂಗಡಿಗೆ ಹೋಗಲೊಲ್ಲರು. ಕಸ್ಬಾ ಬಡಾವಣೆಯ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ, ಮನೆಯಿಂದಲೇ ಆಫೀಸು ಕೆಲಸ ಮಾಡುವ ನನ್ನೆದುರೇ ದಿನವಿಡೀ ಕೂತರು.

“ಮೀಟಿಂಗಿನ್ಯಾಗ ಅಷ್ಟ್ಯಾಕ ನಗತಿ? ಪಗಾರ ಹೆಚ್ಚ ಮಾಡ್ಯಾರೇನು?” ಅನ್ನುವರು. “ಒಗ್ಗರಣಿ ಹೊತ್ತೇತಿ ನೋಡವಾ” ಅನ್ನುವರು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಕತ್ತಿ ರಿಪೇರಿಯಾಗದೆ ನನ್ನ ಮನೆ ನನಗೆ ವಾಪಸ್ ಸಿಗುವುದಿಲ್ಲ ಎಂಬುದು ಖಾತ್ರಿಯಾಯಿತು. ಗಂಡ ಎಂಬ ಪ್ರಾಣಿ ಫೋನಿನಿಂದ ತಲೆ ಎತ್ತಲಿಲ್ಲ. ನಾನೇ ಕೆಲಸಕ್ಕಿಳಿದೆ.

ಕೊಂಬಿನ ಹಿಡಿಯ ಎರಡು ಪಟ್ಟಿಗಳ ನಡುವೆ ಅಲಗನ್ನು ಹಿಡಿದಿರುವುದು ಒಂದು ಸಣ್ಣ ಹಿತ್ತಾಳೆ ಪಿನ್ನು. ಅದರ ಎರಡೂ ತುದಿಗೆ ಸಾಸಿವೆಗಿಂತ ತುಸು ದೊಡ್ಡ ವಾಷರ್. ವಾಷರಿನ ಮೇಲೆ ಪಿನ್ನಿನ ತಲೆ ಬಡಿದು ಗುಂಡಗೆ ಮಾಡಿರುತ್ತಾರೆ. ಆ ತಲೆಯನ್ನು ಅರದಿಂದ ಸವೆಸಿ, ಪಿನ್ನನ್ನು ಮೆಲ್ಲಗೆ ಆಚೆ ತಳ್ಳಬೇಕು. ಅಡುಗೆಕಟ್ಟೆಯ ಮೇಲಿಟ್ಟು ತಳ್ಳಿದೆ. ಪಿನ್ನು ಬಂತು, ಒಂದು ವಾಷರ್ ಟಣ್ಣನೆ ಹಾರಿ ಮಾಯವಾಯಿತು. ಮಾವ, ಸೊಸೆ ಇಬ್ಬರೂ ಅಂಬೆಗಾಲಿಟ್ಟು ಫ್ರಿಜ್ಜಿನ ಅಡಿಯೆಲ್ಲ ಜಾಲಾಡಿದೆವು.

ಅದು ಸಿಕ್ಕಿದ್ದು ಮರುದಿನದ ಉಪ್ಪಿಟ್ಟಿನಲ್ಲಿ, ನನ್ನ ಗಂಡನ ದವಡೆಗೆ.

“ಅಯ್ಯಯ್ಯೋ, ಹಲ್ಲ ಹೋತು!”

“ಹಲ್ಲು ಹಾಳಾಗ್ಲಿ, ವಾಷರ್ ತೋರ್ಸು!” ಎಂದೆ. ಅಯ್ಯೋ, ಮಡಚಿಹೋಗಿತ್ತು.

ಗರಿಯಾಹಾಟ್ ಮಾರುಕಟ್ಟೆಯಿಂದ ಪಿನ್ನಿಗೆ ಹಿತ್ತಾಳೆ ತಂತಿ, ವಾಷರಿಗೆ ತೆಳು ತಗಡು ತಂದೆ. ಮೊದಲು ತಗಡಿಗೆ ತೂತು, ಆಮೇಲೆ ಅದರ ಸುತ್ತ ಕತ್ತರಿಸುವುದು, ಆಮೇಲೆ ದುಂಡಗೆ ಉಜ್ಜುವುದು. ನನ್ನ ಹುಬ್ಬು ಕೀಳುವ ಚಿಮಟದಲ್ಲಿ ಅದನ್ನು ಮಾವ ಹಿಡಿದುಕೊಂಡರು.

“ಇದು ವಾಷರೋ, ಚಕ್ಕುಲಿ ಚೂರೋ?”

“ನೀವು ಬಾಯಿ ಮುಚ್ಕೊಂಡು ಹಿಡ್ಕೊಳ್ಳಿ ಮಾವ.”

ಅವರು ಬಾಯಿ ಮುಚ್ಚಲಿಲ್ಲ. ಚಿಕ್ಕಂದಿನಲ್ಲಿ ಇದೇ ಕತ್ತಿ ಕದ್ದು, ಬಾರದ ಮೀಸೆ ಬೋಳಿಸಲು ಹೋಗಿ ಅರ್ಧ ಹುಬ್ಬು ಕಳೆದುಕೊಂಡ ಕತೆ ಹೇಳಿದರು. ನಾನು ನಕ್ಕೂ ನಕ್ಕೂ ಹೊಸ ಪಿನ್ನಿನ ತಲೆಗೆ ಸುತ್ತಿಗೆಯನ್ನು ಜೋರಾಗಿಯೇ ಬಿಟ್ಟೆ. ಪಿನ್ನು ಬಿಗಿದು, ಅಲಗು ತೆರೆಯಲೇ ಇಲ್ಲ.

“ಮೊಳಿ ಹೊಡದಂಗ ಹೊಡಿಬ್ಯಾಡವಾ. ಕೂಸಿನ ಬೆನ್ನ ತಟ್ಟಿದಂಗ ತಟ್ಟು.”

ಮತ್ತೆ ಅರ, ಮತ್ತೆ ತಂತಿ, ಮತ್ತೊಂದು ಕತೆ. ಮೈಕ್ ಆಫ್ ಮಾಡದೆ ಕೂತು, ಆಫೀಸಿನವರಿಗೆಲ್ಲ ನಮ್ಮ ಟಕಟಕ ಕೇಳಿಸಿದ್ದೂ ಆಯಿತು.

ಕೊನೆಗೂ ಅಲಗು ಗಟ್ಟಿಯಾಗಿ ನಿಂತಿತು. ಮಾವ ನುಣ್ಣಗೆ ಕ್ಷೌರ ಮಾಡಿಕೊಂಡು, ಟೋಪಿ ಹಾಕಿಕೊಂಡು ಹೊರಟೇಬಿಟ್ಟರು. ಅಬ್ಬಾ, ಗೆದ್ದೆ ಎಂದುಕೊಂಡೆ. ಮೀಟಿಂಗಿನಲ್ಲಿ ನಕ್ಕೆ, ಯಾರೂ ಯಾಕೆಂದು ಕೇಳಲಿಲ್ಲ. ಒಗ್ಗರಣೆ ಹೊತ್ತಿಹೋಯಿತು, ಯಾರೂ ಹೇಳಲಿಲ್ಲ. ಮನೆ ಬಿಕೋ ಅಂತು, ನನಗೆ ಅಳುವೇ ಬಂತು. ದೀಪ ಹಚ್ಚುವ ಹೊತ್ತಿಗೆ ಅವರು ಮಣ್ಣಿನ ಕುಡಿಕೆಯ ಚಹಾ ಹೊಗಳುತ್ತ ಬಂದರು.

ಮರುದಿನ ಬೆಳಿಗ್ಗೆ ಕ್ಷೌರ ಮುಗಿಸಿ, ಕತ್ತಿ ತಂದು ನನ್ನ ಮುಂದಿಟ್ಟರು.

“ಮತ್ತ ಅಳ್ಳಾಡಾಕ ಹತ್ತೇತಿ ನೋಡವಾ.”

ಬಿಚ್ಚಿದೆ, ಮಡಚಿದೆ, ಅಲುಗಿಸಿದೆ. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಅವರ ನುಣ್ಣನೆಯ ಕೆನ್ನೆ ನೋಡಿದೆ, ಒಂದು ಗೀರಿಲ್ಲ.

“ಹೌದು ಮಾವ, ತುಂಬಾನೇ ಸಡಿಲ ಆಗಿದೆ,” ಎಂದು ಅರ ತರಲು ಎದ್ದೆ.