ಆಲ್ಡನ್ ಥ್ರಾಶರನಿಗೆ ಊರು ಹಾಕಿದ ಛೀಮಾರಿ

ಅಮೆರಿಕದ ವರ್ಮಾಂಟ್ ರಾಜ್ಯದ ನಮ್ಮ ಗುಡ್ಡಗಾಡಿನಲ್ಲಿ ಸೌದೆ ಒಲೆಯಿಲ್ಲದ ಮನೆಯಿಲ್ಲ. ಹೊಗೆಗೂಡಿನ ಮಸಿ ಕೆರೆಯುವುದು ಆಲ್ಡನ್ ಥ್ರಾಶರನ ಕೆಲಸವಾದ್ದರಿಂದ ಅವನು ತಲೆ ತೂರಿಸದ ಮನೆಯೂ ಇಲ್ಲ. ತಲೆ ಒಳಗೆ ಹೋದ ಮಾತ್ರಕ್ಕೆ ಬಾಯಿ ನಿಲ್ಲುತ್ತಿರಲಿಲ್ಲ.

"ಯುದ್ಧ ಸಾರೋ ಅಧಿಕಾರ ಯಾರಿಗಿದೆ, ಹೇಳಿ ನೋಡೋಣ?" ಎಂದು ಒಲೆಯೊಳಗಿನಿಂದ ಅಶರೀರವಾಣಿ ಮೊಳಗುತ್ತಿತ್ತು. ಉತ್ತರ ಬರುವವರೆಗೂ ಬ್ರಷ್ಷು ಅಲುಗಾಡುತ್ತಿರಲಿಲ್ಲ. "ಸಂಸತ್ತಿಗೆ ಕಣಪ್ಪಾ, ಅಧ್ಯಕ್ಷರಿಗಲ್ಲ" ಎಂದು ನಾವು ಒಪ್ಪಿಸಿದರೆ ಸರಿ, ಮಸಿ ಉದುರತೊಡಗುತ್ತಿತ್ತು. ಚಳಿಗಾಲ ಹತ್ತಿರ ಬಂದಾಗ ಸಂವಿಧಾನದ ಬಗ್ಗೆ ವಾದ ಹೂಡುವಷ್ಟು ಧೈರ್ಯ ಯಾರಿಗಿರುತ್ತದೆ?

ಈ ಹುಚ್ಚಿಗೆ ಒಂದು ಹಿನ್ನೆಲೆಯಿತ್ತು. ಅವನ ಅಣ್ಣ ಲೈಲ್ ವಿಯೆಟ್ನಾಮಿಗೆ ಹೋದವನು ವಾಪಸು ಬರಲಿಲ್ಲ. ಸೇನೆಯವರು ಮಡಿಸಿದ ಬಾವುಟವನ್ನು ಕೈಗಿಟ್ಟು ಹೋದ ಮೇಲೆ ಅವರ ತಾಯಿ ಅಡುಗೆಮನೆಯಲ್ಲಿ ನಿಂತು, "ಈ ಯುದ್ಧ ಮಾಡ್ಲೇಬೇಕು ಅಂತ ಕೂತು ತೀರ್ಮಾನ ಮಾಡ್ದೋರು ಯಾರು?" ಎಂದು ಕೇಳಿದಳಂತೆ. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಲ್ಡನ್ ಪೇಟೆಯ ಗ್ರಂಥಾಲಯದಲ್ಲಿ ಕೂತು ಹುಡುಕಿದ. ಆ ಯುದ್ಧವನ್ನು ಸಂಸತ್ತು ವಿಧಿವತ್ತಾಗಿ ಸಾರಿಯೇ ಇರಲಿಲ್ಲ ಎಂಬುದು ತಿಳಿದಾಗ ಅವನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಮತ್ತೆ ಇಳಿಯಲೇ ಇಲ್ಲ.

ಮಾರ್ಚ್ ತಿಂಗಳ ಮೊದಲ ಮಂಗಳವಾರ ನಮ್ಮ ಊರಸಭೆ. ಎಲ್ಲರೂ ಪುರಭವನದಲ್ಲಿ ಸೇರಿ, ರಸ್ತೆಯಿಂದ ಹಿಡಿದು ನಾಯಿಗಳ ಲೈಸೆನ್ಸಿನವರೆಗೆ ಕೈಯೆತ್ತಿ ತೀರ್ಮಾನಿಸುವ ದಿನ. ಇನ್ನೇನು ಊಟಕ್ಕೆ ಏಳಬೇಕು, ಹಿಂದಿನ ಕೋಣೆಯಿಂದ ಬೇಯಿಸಿದ ಬೀನ್ಸ್ ಕಾಳಿನ ಘಮ ಬರುತ್ತಿದೆ ಎನ್ನುವಾಗ ಆಲ್ಡನ್ ಎದ್ದು ನಿಲ್ಲುತ್ತಿದ್ದ. ಅವನ ಗೊತ್ತುವಳಿ ವರ್ಷವರ್ಷವೂ ಒಂದೇ: ಸಂಸತ್ತಿನ ಒಪ್ಪಿಗೆಯಿಲ್ಲದೆ ಯುದ್ಧ ಮಾಡುವ ಹಕ್ಕು ತಮಗಿಲ್ಲವೆಂಬುದನ್ನು ಅಧ್ಯಕ್ಷರಿಗೆ ಈ ಊರು ನೆನಪಿಸತಕ್ಕದ್ದು.

ತಮಾಷೆ ಶುರುವಾಗುತ್ತಿದ್ದುದು ಅಲ್ಲಿಂದಲೇ. ಅಧ್ಯಕ್ಷರು ತಮ್ಮ ಪಕ್ಷದವರಾಗಿದ್ದರೆ ಎಡಗಡೆಯ ಬೆಂಚಿನವರು ತಮ್ಮ ಬೂಟುಗಳನ್ನು ಪರೀಕ್ಷಿಸತೊಡಗುತ್ತಿದ್ದರು. ಚುನಾವಣೆಯಾಗಿ ಅಧ್ಯಕ್ಷರು ಬದಲಾದರೆ ಬೂಟು ನೋಡುವ ಸರದಿ ಬಲಗಡೆಯವರದು.

"ಹೋದ ಸಲ ಎರಡೂ ಕೈ ಎತ್ತಿದ್ದೆಯಲ್ಲೋ ಮಾರ್ಸೆಲ್, ಈ ಸಲ ಭುಜ ನೋವಾ?" ಎಂದು ಆಲ್ಡನ್ ತುಂಬಿದ ಸಭೆಯಲ್ಲೇ ಕೇಳುತ್ತಿದ್ದ.

ಮಾರ್ಸೆಲ್ ಥಿಬೋ ಹಳ್ಳದಾಚೆ ಹಸು ಕಟ್ಟಿಕೊಂಡಿದ್ದವನು, ಆಲ್ಡನನ ಬಾಲ್ಯದ ಗೆಳೆಯ. "ನಿಂದು ಶುರುವಾಯ್ತಲ್ಲ, ಬೀನ್ಸ್ ಆರಿಹೋಗುತ್ತೆ ಕೂತ್ಕೊಳೋ ಮಾರಾಯ" ಎಂದು ಗೊಣಗುತ್ತಿದ್ದ. ಗೊತ್ತುವಳಿ ಕೆಲವು ವರ್ಷ ಪಾಸಾಗುತ್ತಿತ್ತು, ಕೆಲವು ವರ್ಷ ಬೀಳುತ್ತಿತ್ತು. ಯುದ್ಧಗಳು ಮಾತ್ರ ತಮ್ಮ ಪಾಡಿಗೆ ತಾವು ನಡೆಯುತ್ತಿದ್ದವು.

ಊರಿನ ಆಡಳಿತಕ್ಕೆ ನಮ್ಮಲ್ಲಿ ಮೂವರ ಮಂಡಳಿಯಿದೆ. ಒಂದು ವರ್ಷ ಅದಕ್ಕೆ ನಿಲ್ಲಲು ಯಾರೂ ಸಿಗದೆ ಆಲ್ಡನನನ್ನೇ ಆರಿಸಿದೆವು. ಉಳಿದಿಬ್ಬರು ಅವನನ್ನು ಮಂಡಳಿಯ ಅಧ್ಯಕ್ಷನನ್ನಾಗಿಯೂ ಮಾಡಿಬಿಟ್ಟರು. "ಅಧ್ಯಕ್ಷರು ಇವತ್ತಾದ್ರೂ ಕೊಟ್ಟಿಗೆಯ ಬಾಗಿಲು ರಿಪೇರಿ ಮಾಡ್ತಾರೋ, ಅದಕ್ಕೂ ಸಂಸತ್ತಿನ ಒಪ್ಪಿಗೆ ಬೇಕೋ?" ಎಂದು ಹೆಂಡತಿ ಬ್ಯೂಲಾ ದಿನವೂ ಕಾಡುತ್ತಿದ್ದಳು.

ಆ ಜುಲೈನಲ್ಲಿ ಆಕಾಶ ಕಳಚಿಬಿದ್ದಂತೆ ಮಳೆಯಾಯಿತು. ಬೆಳಗಾಗುವಾಗ ಹಳ್ಳದ ಸೇತುವೆ ಇದ್ದ ಜಾಗದಲ್ಲಿ ಕೆಂಪು ನೀರು ಹರಿಯುತ್ತಿತ್ತು. ಆಚೆ ಕಡೆ ಸಿಕ್ಕಿಬಿದ್ದ ಮನೆಗಳಲ್ಲಿ ಮಾರ್ಸೆಲ್‌ದೂ ಒಂದು. ಅವನ ಹೆಂಡತಿ ಓಡೆಟ್ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಪೇಟೆಯ ಆಸ್ಪತ್ರೆಗೆ ಹೋಗಬೇಕಾದವಳು.

ಮಂಡಳಿಯ ಒಬ್ಬ ಸದಸ್ಯ ಮೀನು ಹಿಡಿಯಲು ಕೆನಡಾಕ್ಕೆ ಹೋಗಿದ್ದ. ಇನ್ನೊಬ್ಬಳು ಮಗಳ ಬಾಣಂತನಕ್ಕೆ ಬಾಸ್ಟನ್ನಿನಲ್ಲಿದ್ದಳು. ಫೋನುಗಳು ಸತ್ತಿದ್ದವು. ಒಬ್ಬನೇ ಏನನ್ನೂ ತೀರ್ಮಾನಿಸುವಂತಿಲ್ಲ, ಕನಿಷ್ಠ ಇಬ್ಬರ ಮತ ಬೇಕು ಎಂಬ ನಿಯಮ ಆಲ್ಡನನಿಗೆ ಗೊತ್ತಿಲ್ಲದ್ದೇನಲ್ಲ. ಹಳ್ಳದ ದಂಡೆಯಲ್ಲಿ ನಿಂತು ನೋಡಿದ. ಆಚೆ ದಂಡೆಯಲ್ಲಿ ಓಡೆಟ್ ಕೈಚೀಲ ಹಿಡಿದು ಕಾರಿನಲ್ಲಿ ಸುಮ್ಮನೆ ಕೂತಿದ್ದಳು. ಅವನು ನೆಟ್ಟಗೆ ಗುತ್ತಿಗೆದಾರನ ಮನೆಗೆ ಹೋಗಿ, "ನಿನ್ನ ಹತ್ರ ಇರೋ ಕಬ್ಬಿಣದ ತೊಲೆಯೆಲ್ಲ ತಗೊಂಬಾ. ಊರ ಪರವಾಗಿ ನಾನು ಹೇಳ್ತಿದೀನಿ" ಎಂದ. ಮಾರನೆಯ ದಿನ ತಾತ್ಕಾಲಿಕ ಸೇತುವೆಯ ಮೇಲೆ ಓಡೆಟ್‌ಳ ಕಾರು ದಾಟಿತು. ದಾಟುವಾಗ ಆಕೆ ಕಿಟಕಿಯಿಂದ ಕೈಚಾಚಿ ಅವನ ಕೆನ್ನೆ ತಟ್ಟಿದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಅವನ ಮೂರ್ತಿಯನ್ನೇ ನಿಲ್ಲಿಸುತ್ತಿದ್ದೆವೋ ಏನೋ. ಆದರೆ ಅಪ್ಪಣೆ ಕೊಡುವುದರಲ್ಲಿ ಒಂದು ರುಚಿಯಿದೆ. ಮೊದಲು ಸೇತುವೆಯ ಮೇಲೆ ಮರ ಸಾಗಿಸುವ ಲಾರಿಗಳನ್ನು ನಿಷೇಧಿಸಿದ. ಅದೇನೋ ಸರಿಯೇ. ಆಮೇಲೆ ಮಕ್ಕಳು ಈಜುವ ಮಡುವಿಗೆ ಯಾರೂ ಇಳಿಯದಂತೆ ಹಗ್ಗ ಕಟ್ಟಿಸಿದ. ಅದಾದ ಮೇಲೆ ಚರ್ಚಿನ ಮುಂದೆ ಕಾರು ನಿಲ್ಲಿಸಬಾರದೆಂದ. ಕೊನೆಗೆ ಕಸದಂಗಳವನ್ನು ಶನಿವಾರದ ಬದಲು ಬುಧವಾರ ತೆರೆಯತಕ್ಕದ್ದೆಂದು ಬೋರ್ಡು ಹೊಡೆಸಿದ. ಮೀನಿನ ಸದಸ್ಯ ಊರಿಗೆ ಮರಳಿ ಬಂದಿದ್ದ; ಅವನನ್ನು ಒಂದು ಮಾತೂ ಕೇಳಲಿಲ್ಲ.

ಶನಿವಾರದ ಕಸದಂಗಳವೆಂದರೆ ನಮಗೆ ಕಸ ಹಾಕುವ ಜಾಗವಷ್ಟೇ ಅಲ್ಲ. ಯಾರ ಮದುವೆ, ಯಾರ ಮನೆ ಮಾರಾಟ, ಯಾರು ಯಾರನ್ನು ಬಿಟ್ಟರು, ಎಲ್ಲ ತಿಳಿಯುವುದು ಅಲ್ಲೇ. ಎಷ್ಟೋ ಪ್ರೇಮ ಆ ಬಾಟಲಿ ಡಬ್ಬಗಳ ನಡುವೆ ಚಿಗುರಿದೆ. ಬ್ಯೂಲಾ ಬೋರ್ಡಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"'ಅಪ್ಪಣೆ ಮೇರೆಗೆ' ಅಂತ ಬರ್ದಿದೆ. ಯಾರ ಅಪ್ಪಣೆ?"

"ನಂದೇ. ತುರ್ತು ಪರಿಸ್ಥಿತಿ ಇನ್ನೂ ಮುಗ್ದಿಲ್ಲ ಕಣೇ."

"ಮುಗಿಯೋದು ಯಾವಾಗ?"

"ನಾನು ಹೇಳಿದಾಗ" ಎಂದ ಆಲ್ಡನ್. ಬ್ಯೂಲಾ ನಕ್ಕು ನಕ್ಕು ಕಸದ ಚೀಲವನ್ನು ಅಲ್ಲೇ ಕೈಬಿಟ್ಟಳು. ಅವನಿಗೆ ನಗು ಯಾಕೆಂದು ತಿಳಿಯಲಿಲ್ಲ.

ಮಾರ್ಚ್ ತಿಂಗಳ ಸಭೆಗೆ ಎಂದೂ ಬಾರದವರೂ ಬಂದಿದ್ದರು. ಸಭೆ ನಡೆಸುವ ಡಾರ್ಕಸ್ ವೀಲಾಕ್, ನಮ್ಮನ್ನೆಲ್ಲ ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ್ದ ಹಳೆಯ ಟೀಚರು, ಸುತ್ತಿಗೆ ಕುಟ್ಟಿ ಮಾರ್ಸೆಲ್‌ಗೆ ಮಾತನಾಡಲು ಬಿಟ್ಟರು. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

"ಮೊದಲನೇದು, ಸೇತುವೆಗೆ ಥ್ಯಾಂಕ್ಸ್ ಆಲ್ಡನ್. ನನ್ನ ಹೆಂಡ್ತಿ ಇವತ್ತು ಇಲ್ಲಿ ಕೂತಿದಾಳೆ ಅಂದ್ರೆ ನೀನೇ ಕಾರಣ. ನಾನು ಸಾಯೋ ತನಕ ಮರೆಯಲ್ಲ." ಜೇಬಿನಿಂದ ಒಂದು ಚೀಟಿ ತೆಗೆದ. "ಎರಡನೇದು, ಯಾರನ್ನೂ ಕೇಳದೆ ಊರಾಳಿದ್ದಕ್ಕೆ ಅಧ್ಯಕ್ಷರಿಗೆ ಈ ಸಭೆ ಛೀಮಾರಿ ಹಾಕ್ಬೇಕು ಅಂತ ನನ್ನ ಗೊತ್ತುವಳಿ."

ಸಭೆ ಗೊಳ್ಳೆಂದಿತು. ಆಲ್ಡನ್ ಧಡಕ್ಕನೆ ಎದ್ದ. "ತುರ್ತು ಪರಿಸ್ಥಿತಿ ಇತ್ತು! ಒಂದೊಂದಕ್ಕೂ ಸಭೆ ಕರೀತಾ ಕೂತಿದ್ರೆ..."

"ಅಯ್ಯೋ, ಇದನ್ನ ಎಲ್ಲೋ ಕೇಳಿದೀನಲ್ಲ" ಎಂದ ಮಾರ್ಸೆಲ್. "ವಾಷಿಂಗ್ಟನ್ನಿನೋರೆಲ್ಲ ಹೇಳೋದೇ ಇದು ಅಂತ ಹೋದ ವರ್ಷ ನನ್ನ ಒಲೆಯೊಳಗಿಂದ ಯಾರೋ ಕೂಗ್ತಿದ್ರಪ್ಪ."

ಎಡದ ಬೆಂಚು, ಬಲದ ಬೆಂಚು ಎರಡೂ ಒಟ್ಟಿಗೇ ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಆಲ್ಡನನ ಕಿವಿ ಕೆಂಪಗಾಯಿತು. ಬೆಂಚಿನ ಬೆನ್ನು ಹಿಡಿದುಕೊಂಡು, "ಸೇತುವೆ ತುರ್ತಾಗಿತ್ತು" ಎಂದ ಮೆಲ್ಲಗೆ. "ಆದ್ರೆ ಮಾರನೇ ವಾರವೇ ನಿಮ್ಮನ್ನ ಕರೆದು ಹೇಳ್ಬೇಕಿತ್ತು. ಕಸದ ವಿಷಯ... ಶನಿವಾರ ನಂಗೆ ಬೇಸ್‌ಬಾಲ್ ಆಟ ನೋಡೋದು ತಪ್ಪೋಗ್ತಿತ್ತು, ಅಷ್ಟೇ."

"ಕೊನೆಯ ಮಾತು ಕೇಳಿಸಲಿಲ್ಲ, ಗಟ್ಟಿಯಾಗಿ ಹೇಳಿ ಥ್ರಾಶರ್ ಅವರೇ" ಎಂದರು ಡಾರ್ಕಸ್. ಅವರಿಗೆ ಚೆನ್ನಾಗಿಯೇ ಕೇಳಿಸಿತ್ತು. ಅವನು ಗಟ್ಟಿಯಾಗಿ ಹೇಳಬೇಕಾಯಿತು.

ಸೇತುವೆಯ ಕೆಲಸವನ್ನು ಇಡೀ ಊರು ಒಪ್ಪಿಕೊಂಡಿತು. ಕಸದಂಗಳ ಶನಿವಾರಕ್ಕೆ ಮರಳಿತು. ಛೀಮಾರಿಯ ಮತಕ್ಕೆ ಬಂದಾಗ ಕೈಗಳು ಹಿಂಜರಿಯುತ್ತ ಮೇಲೆದ್ದವು. ಪಾಪ, ಎಲ್ಲರ ಒಲೆಗೂ ಅವನೇ ಗತಿ. ಆಗ ಮುಂದಿನ ಸಾಲಿನಲ್ಲಿ ಮಸಿಗಟ್ಟಿದ ಉಗುರಿನ ಕೈಯೊಂದು ನೆಟ್ಟಗೆ ಮೇಲೇರಿತು. ತನಗೇ ಛೀಮಾರಿ ಹಾಕಿಕೊಳ್ಳಲು ಆಲ್ಡನ್ ಮತ ಕೊಡುತ್ತಿದ್ದ. ಅದನ್ನು ಕಂಡ ಮೇಲೆ ಉಳಿದ ಕೈಗಳೂ ಎದ್ದವು. ಬ್ಯೂಲಾ ಮಾತ್ರ ಎತ್ತಲಿಲ್ಲ.

"ಗಂಡನ ಪರವೇನಮ್ಮಾ?" ಎಂದು ನಾನು ಕೇಳಿದೆ.

"ಪರವೂ ಇಲ್ಲ ಗಿರವೂ ಇಲ್ಲ. ಅವ್ನಿಗೆ ಛೀಮಾರಿ ಹಾಕೋಕೆ ನಂಗ್ಯಾಕೆ ಊರಿನ ಒಪ್ಪಿಗೆ?"

ಅವನು ರಾಜೀನಾಮೆ ಕೊಡಲು ಹೋದಾಗ ಮಾರ್ಸೆಲ್ಲೇ ತಡೆದ. "ಬುದ್ಧಿ ಕಲಿತೋನ್ನ ಬಿಟ್ಟು ಹೊಸಬನಿಗೆ ಮತ್ತೆ ಕಲಿಸೋದು ಯಾರು?" ಎಂದು ಬೈದನಂತೆ. ಹೀಗಾಗಿ ಮುಂದಿನ ವರ್ಷ ಶಾಶ್ವತ ಸೇತುವೆ ಕಟ್ಟಿದಾಗಲೂ ಆಲ್ಡನ್ನೇ ಅಧ್ಯಕ್ಷ. ಕಂಬಿಗೆ ಬಳಿಯುವ ಬಣ್ಣದ ಬಗ್ಗೆ ಊರು ಒಂದು ಇಡೀ ಮಧ್ಯಾಹ್ನ ಜಗಳವಾಡಿತು. ಅವನು ತುಟಿ ಕಚ್ಚಿಕೊಂಡು ಕೂತಿದ್ದ, ತನ್ನ ಸರದಿ ಬಂದಾಗ ಹಸಿರು ಎಂದ. ಊರು ಕೆಂಪು ಎಂದಿತು. ವಾರದ ಕೊನೆಗೆ ಅವನೇ ಡಬ್ಬ ಹಿಡಿದು ಹೋಗಿ, ದಾರಿಯಲ್ಲಿ ಹೋದವರಿಗೆಲ್ಲ ಇದೆಂಥ ದರಿದ್ರ ಬಣ್ಣ ಎಂದು ಬೈಯುತ್ತ, ಉದ್ದಕ್ಕೂ ಎರಡೆರಡು ಸಲ ಕೆಂಪು ಬಳಿದ.