ಚೀಟಿಯಲ್ಲಿ ಬರೆದಿಟ್ಟ ಜಾಗ

“ಹ್ವಾಯ್, ಆ ಕಲ್ಲಿನಡಿ ಎಂತ ಹುಡುಕ್ತ್ರಿ?”

ಬೈಂದೂರಿನ ಕಡಲತೀರದಲ್ಲಿ ಮೊಣಕಾಲೂರಿದ್ದ ನಾನು ಬೆಚ್ಚಿ ತಲೆ ಎತ್ತಿದೆ. ಮೀನು ಒಣಗಿಸುತ್ತಿದ್ದ, ಐವತ್ತು ದಾಟಿದ ಹೆಂಗಸೊಬ್ಬರು ಅನುಮಾನದಿಂದ ನೋಡುತ್ತಿದ್ದರು. ಯಾರೋ ಅಡಗಿಸಿಟ್ಟ ಡಬ್ಬಿಯನ್ನು ಫೋನಿಗೆ ಅಕ್ಷಾಂಶ, ರೇಖಾಂಶದ ಸಂಖ್ಯೆ ಕೊಟ್ಟು ಹುಡುಕುವ ಆಟವಿದು, ಜಿಯೋಕ್ಯಾಶಿಂಗ್ ಅಂತಾರೆ, ರಜೆ ಸಿಕ್ಕಾಗ ತೆಕ್ಕಟ್ಟೆಯಿಂದ ಹೀಗೆ ಹೊರಡುತ್ತೇನೆ ಎಂದೆ.

ಅವರು ನಗಲಿಲ್ಲ. ದಂಡೆಯ ಮೇಲೇ ಇದ್ದ ತಮ್ಮ ಮನೆಯೊಳಗೆ ಹೋಗಿ, ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟಿದ್ದ ಚೀಟಿಯೊಂದನ್ನು ತಂದರು. ಅದರಲ್ಲೂ ಅಂಥವೇ ಎರಡು ಸಾಲು ಸಂಖ್ಯೆಗಳಿದ್ದವು.

“ನಮ್ಮನಿಯವ್ರ ಬೋಟ್ ಮುಳ್ಗದ್ ಜಾಗ ಅಂಬ್ರ್. ಸಂಗ್ತಿಗಿದ್ದವ್ರ್ ಬರ್ದ್ ಕೊಟ್ಟದ್. ಹೆಣ ಸಿಕ್ಲಿಲ್ಲೆ. ಇದ್ ಎಲ್ಲಿ ಅಂದ್ ನಿಮ್ ಫೋನ್ ತೋರ್ಸತ್ತಾ?”

ಫೋನಿನಲ್ಲಿ ಸಂಖ್ಯೆಗಳನ್ನು ಒತ್ತಿದೆ. ಪರದೆಯ ನೀಲಿಯ ನಡುವೆ ಚುಕ್ಕೆಯೊಂದು ಮೂಡಿತು. ದಿಕ್ಕು ತೋರಿಸುವ ಬಾಣ ನಾವು ನಿಂತಲ್ಲಿಂದ ನೇರ ಎದುರಿಗಿರದೆ, ಬಲಕ್ಕೆ, ಬಂಡೆಗಳಾಚೆಯ ಸಮುದ್ರದತ್ತ ತಿರುಗಿತು. ಕೈ ಚಾಚಿ ತೋರಿಸಿದೆ.

“ನಾನ್ ಇಷ್ಟ್ ವರ್ಷ ಸೀದಾ ಎದ್ರಿಗೇ ಕೈ ಮುಗಿತಿದ್ದೆ” ಎಂದು ಅವರು ಮೆಲ್ಲಗೆ ಆ ಕಡೆಗೆ ತಿರುಗಿದರು. ಬಹಳ ಹೊತ್ತು ಕೈ ಮುಗಿದೇ ನಿಂತಿದ್ದರು. ನಾನೂ ಚಪ್ಪಲಿ ಕಳಚಿ ಅವರ ಪಕ್ಕದಲ್ಲಿ ನಿಂತೆ.

ನಾಲ್ಕು ವರ್ಷಗಳ ಈ ಹವ್ಯಾಸ ನನಗೆ ನಡೆಯುವುದನ್ನು ಕಲಿಸಿದೆ, ಪಕ್ಕದಲ್ಲೇ ಇದ್ದೂ ಕಾಣದಿದ್ದ ಎಷ್ಟೋ ಜಾಗಗಳನ್ನು ತೋರಿಸಿದೆ. ಆದರೆ ಇನ್ನೊಬ್ಬರು ವರ್ಷಗಟ್ಟಲೆ ತಿಳಿಯಲು ಕಾದಿದ್ದ ಜಾಗವನ್ನು ನಾನು ತೋರಿಸಿದ್ದು ಅದೊಂದೇ ಸಲ.