ಬಿಸಿಲಿಗೊಂದು ಟೋಪಿ

ಆ ಬೇಸಿಗೆ ಸರ್ವೆ ಕೆಲಸಕ್ಕೆಂದು ಮಧುಗಿರಿ ಕಡೆಯ ಬೆಟ್ಟಗಳನ್ನು ಹತ್ತಬೇಕಿತ್ತು. ತಲೆಗೆ ರುಮಾಲು ಸುತ್ತಿದ್ದರೆ ಸಾಕಾಗುತ್ತಿತ್ತು. ಆದರೆ ಶಿರಾ ಪೇಟೆಯಲ್ಲಿ ಅಂಗಡಿಯ ಸಾಬರು ದೊರೆಗಳು ಹಾಕುವಂಥ ಬೆಂಡಿನ ಟೋಪಿಯನ್ನು ನನ್ನ ತಲೆಗಿಟ್ಟು, "ಇನ್ನು ಬಿಸಿಲು ನಿಮ್ಮ ಹತ್ರ ಸುಳಿಯಲ್ಲ ಸ್ವಾಮಿ" ಎಂದರು. ಕನ್ನಡಿ ನೋಡಿಕೊಂಡೆ. ಬುದ್ಧಿ ಕೆಟ್ಟಿತು, ಕೊಂಡುಬಿಟ್ಟೆ.

ಮೂರನೆಯ ದಿನ ಬೆಟ್ಟ ಇಳಿಯುವಾಗ ನೀರು ಮುಗಿದು ನಾಲಿಗೆ ಒಣಗಿತ್ತು. ಕೆಳಗೊಂದು ಕುರುಬರ ಗುಡಿಸಲು. ಬಾಗಿಲಲ್ಲಿ ಕೂತಿದ್ದ ಮುದುಕಿ ನನ್ನನ್ನು ಕಂಡವಳೇ ಒಳಗೆ ಹೋಗಿ ತಡಿಕೆ ಎಳೆದುಕೊಂಡಳು.

"ಒಂದು ಚೆಂಬು ನೀರು ಕೊಡವ್ವ."

"ಇಲ್ಲಿ ಯಾರ್ಗೂ ಜ್ವರ ಇಲ್ಲ, ಗಡ್ಡೆ ಎದ್ದಿಲ್ಲ. ಓಗಪ್ಪ."

ಪ್ಲೇಗಿನ ಕಾಲ. ನನ್ನನ್ನು ಸೂಜಿ ಚುಚ್ಚುವ ಡಾಕ್ಟರೆಂದುಕೊಂಡಿದ್ದಳು. ಟೋಪಿ ತೆಗೆದು ಜುಟ್ಟು ತೋರಿಸಿ, "ಡಾಕ್ಟರಲ್ಲ ಕಣವ್ವ, ಜಮೀನು ಅಳೆಯೋನು" ಎಂದೆ.

ತಡಿಕೆಯ ಸಂದಿಯಿಂದ ಬಹಳ ಹೊತ್ತು ಟೋಪಿಯನ್ನೇ ನೋಡಿದಳು.

"ಇಂಥದ್ದೇ ಟೋಪಿ ಕಣಪ್ಪ, ನನ್ ಮಗನ್ನ ಪ್ಲೇಗಿನ ಶೆಡ್ಡಿಗೆ ಕರ್ಕೊಂಡೋಯ್ತು. ಆಮೇಲೆ ಟೋಪಿ ವಾಪಸ್ ಬಂತು, ಅವ್ನು ಬರ್ಲಿಲ್ಲ."

ಟೋಪಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು, ಬರಿತಲೆಯಲ್ಲೇ, ನೀರೂ ಇಲ್ಲದೆ ದಾರಿ ಹಿಡಿದೆ. ಸಾಬರು ಹೇಳಿದ್ದು ಪೂರಾ ತಿರುಗಾಮುರುಗಾ. ಆ ಟೋಪಿ ಕೈಲಿದ್ದಷ್ಟು ದಿನ ನನ್ನ ಹತ್ತಿರ ಸುಳಿದದ್ದು ಬಿಸಿಲೊಂದೇ.